ಅಂಕಿಗಿಂತ ಮೊದಲು ಗೆರೆ ನೋಡು

ಮೊನ್ನೆ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆ ಇನ್ನೂ ತಲೆಯಲ್ಲಿ ಸುತ್ತುತ್ತಿದೆ. "ದೊಡ್ಡಪ್ಪ, ಅಳೆಯೋದು ಮೆಷಿನ್ನು, ಬಣ್ಣ ಹಾಕೋದು ಮೆಷಿನ್ನು, ಪ್ರಿಂಟ್ ಕೊಡೋದೂ ಅದೇ. ಓಸಿಟಿ ರೂಮಲ್ಲಿ ನಾನು ಕಲಿಯೋಕೆ ಏನಿದೆ?" ಅಂದೆ. ದನಿಯಲ್ಲಿ ಬೇಸರವಿತ್ತು. ಆಪ್ಟೋಮೆಟ್ರಿ ಓದಿ ಬಂದವಳನ್ನು ಕತ್ತಲೆ ಕೋಣೆಯಲ್ಲಿ ಗುಂಡಿ ಒತ್ತಲು ಕೂರಿಸಿದ್ದಾರೆ ಅಂತ ನಿನಗೆ ಅನ್ನಿಸಿದ್ದರೆ ಅದು ಸಹಜವೇ. ಆದರೆ ಮೂವತ್ತು ವರ್ಷ ರೆಟಿನಾ ನೋಡಿದವನು ಹೇಳುತ್ತಿದ್ದೇನೆ ಕೇಳು. ಯಾರ ಕಣ್ಣಿಗೆ ಸೂಜಿ ಚುಚ್ಚಬೇಕು, ಯಾರಿಗೆ ಎರಡು ತಿಂಗಳು ಬಿಟ್ಟು ಬನ್ನಿ ಅನ್ನಬೇಕು, ಯಾರ ಔಷಧಿ ಬದಲಿಸಬೇಕು ಎಂಬುದೆಲ್ಲ ಇವತ್ತು ನೀನು ತೆಗೆದುಕೊಟ್ಟ ಹಾಳೆಯ ಮೇಲೆ ನಿಂತಿದೆ. ಹೊರಗೆ ಅರವತ್ತು ಜನ ಕಾಯುತ್ತಿರುವ ಡಾಕ್ಟರಿಗೆ ಎಷ್ಟೋ ಸಲ ಆ ಹಾಳೆಯ ನಡುವಿನ ಅಂಕಿಯೊಂದನ್ನು ನೋಡುವಷ್ಟೇ ಪುರುಸೊತ್ತು. ಅಂಕಿ ತಪ್ಪಾಗಿದ್ದರೆ ಅದನ್ನು ಮೊದಲು ಹಿಡಿಯಬಲ್ಲವಳು ನೀನು.

ನಿನ್ನ ತಾತನ ನೆನಪು ನಿನಗಿರಲಾರದು, ಅವರು ಹೋದಾಗ ನೀನು ತೊಟ್ಟಿಲಲ್ಲಿದ್ದೆ. ಸರ್ವೆ ಇಲಾಖೆಯಲ್ಲಿದ್ದವರು, 33 ಅಡಿಯ ಸರಪಳಿ ಹೊರಿಸಿಕೊಂಡು ಊರೂರು ಅಲೆದವರು. ದಾಯಾದಿಗಳು ಜಗಳವಾಡುತ್ತ ಪಹಣಿಯನ್ನು ಮುಖದ ಮುಂದೆ ಹಿಡಿದರೆ ಕೈಯಲ್ಲೇ ಅದನ್ನು ಪಕ್ಕಕ್ಕೆ ಸರಿಸುತ್ತಿದ್ದರು. "ಎಕರೆ ಗುಂಟೆ ಆಮೇಲೆ, ಮೊದಲು ಬಾಂದು ಕಲ್ಲು ಎಲ್ಲಿದೆ ತೋರಿಸಿ" ಅನ್ನುತ್ತಿದ್ದರು. ಕಲ್ಲನ್ನು ಯಾರೋ ರಾತ್ರೋರಾತ್ರಿ ಎರಡು ಮಾರು ಸರಿಸಿದ್ದರೆ, ಸರಪಳಿ ಎಷ್ಟೇ ನೆಟ್ಟಗೆ ಎಳೆದರೂ ಗುಣಾಕಾರ ಎಷ್ಟೇ ಸರಿಯಿದ್ದರೂ ಬರುವ ವಿಸ್ತೀರ್ಣ ಸುಳ್ಳೇ. ಚಿಕ್ಕವನಿದ್ದಾಗ ರಜೆಯಲ್ಲಿ ಅವರ ಹಿಂದೆ ಹೊಲಗಳಲ್ಲಿ ಓಡಾಡಿದ್ದೇನೆ. ಓಸಿಟಿ ಓದುವುದನ್ನು ನನಗೆ ನಿಜವಾಗಿ ಕಲಿಸಿದವರು ಅವರೇ.

ಓಸಿಟಿ, ಅಂದರೆ ರೆಟಿನಾದ ಪದರಗಳ ಚಿತ್ರ ತೆಗೆಯುವ ಈ ಯಂತ್ರ, ಏನು ಮಾಡುತ್ತದೆ ಎಂಬುದನ್ನು ಒಮ್ಮೆ ಮನಸ್ಸಿನಲ್ಲಿ ಸ್ಪಷ್ಟ ಮಾಡಿಕೊ. ಬಾವಿಯ ದಂಡೆಯಲ್ಲಿ ನಿಂತು ಕೂಗಿದರೆ ದನಿ ಎಷ್ಟು ಹೊತ್ತಿಗೆ ಮರಳಿತು ಎಂಬುದರಿಂದ ಆಳವನ್ನು ಊಹಿಸಬಹುದಲ್ಲ, ಹಾಗೆಯೇ ಇದು ಬೆಳಕನ್ನು ಕಳಿಸಿ ಮರಳಿದ ಬೆಳಕಿನಿಂದ ಆಳ ಹಿಡಿಯುತ್ತದೆ. ಬೆಳಕಿನ ವೇಗವನ್ನು ಗಡಿಯಾರ ಹಿಡಿದು ಎಣಿಸಲಾಗದು. ಅದಕ್ಕೇ ಕಣ್ಣಿನಿಂದ ಮರಳಿದ ಬೆಳಕನ್ನು ಯಂತ್ರದೊಳಗಿನ ಕನ್ನಡಿಯಿಂದ ಮರಳಿದ ಬೆಳಕಿನ ಜೊತೆ ಕೂಡಿಸಿ, ಎರಡೂ ಬೆರೆತಾಗ ಏಳುವ ಅಲೆಗಳ ವಿನ್ಯಾಸದಿಂದ ದೂರವನ್ನು ಲೆಕ್ಕ ಹಾಕುತ್ತಾರೆ. 1991ರಲ್ಲಿ ಅಮೆರಿಕದ ಎಂಐಟಿಯ ಜೇಮ್ಸ್ ಫುಜಿಮೊಟೊ, ಎರಿಕ್ ಸ್ವಾನ್ಸನ್, ಡೇವಿಡ್ ಹುವಾಂಗ್ ಮತ್ತು ಜೊತೆಗಾರರು ಇದನ್ನು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. 2023ರಲ್ಲಿ ಆ ಮೂವರಿಗೆ ಲಾಸ್ಕರ್ ಪ್ರಶಸ್ತಿ ಬಂತು. ಓಸಿಟಿ ಬರುವ ಮೊದಲು ನಾವು ರೆಟಿನಾದ ನಡುಭಾಗವಾದ ಮ್ಯಾಕ್ಯುಲಾ ಊದಿದೆಯೋ ಇಲ್ಲವೋ ಎಂಬುದನ್ನು ಸ್ಲಿಟ್ ಲ್ಯಾಂಪಿನಲ್ಲಿ ಕಣ್ಣು ಕಿರಿದು ಮಾಡಿ ನೋಡಿ, ಕೈಗೆ ಬಣ್ಣದ ಇಂಜೆಕ್ಷನ್ ಕೊಟ್ಟು ಫೋಟೋ ತೆಗೆದು ಹೇಳುತ್ತಿದ್ದೆವು. ಮೊದಲ ಸಲ ರೆಟಿನಾದ ಪದರಗಳನ್ನು ಪರದೆಯ ಮೇಲೆ ಕೇಕಿನ ತುಂಡಿನ ಹಾಗೆ ಕತ್ತರಿಸಿಟ್ಟದ್ದು ಕಂಡ ದಿನ ನನಗೆ ರಾತ್ರಿ ನಿದ್ದೆ ಬಂದಿರಲಿಲ್ಲ.

ಇಷ್ಟಾದರೂ ಯಂತ್ರ ಕೊಡುವುದು ಒಂದು ಚಿತ್ರ ಮಾತ್ರ. ಅದರಲ್ಲಿ ದಪ್ಪ ಎಂಬ ಅಂಕಿ ಎಲ್ಲೂ ಬರೆದಿರುವುದಿಲ್ಲ. ಆಮೇಲೆ ತಂತ್ರಾಂಶ ಬಂದು ಆ ಚಿತ್ರದ ಮೇಲೆ ಎರಡು ಗೆರೆ ಎಳೆಯುತ್ತದೆ. ಮೇಲಿನ ಗೆರೆ ರೆಟಿನಾದ ಒಳಮೈಯ ಮೇಲೆ, ನಾವು ಐಎಲ್‌ಎಂ ಅನ್ನುವ ತೆಳು ಪೊರೆಯ ಮೇಲೆ. ಕೆಳಗಿನದು ರೆಟಿನಾದ ತಳದಲ್ಲಿ. ಆ ಎರಡರ ನಡುವಿನ ಅಂತರವೇ ನಿನ್ನ ಹಾಳೆಯ ಅಂಕಿ. ಗೆರೆ ಎಳೆಯುವ ಈ ಕೆಲಸಕ್ಕೆ ಸೆಗ್ಮೆಂಟೇಶನ್ ಅನ್ನುತ್ತಾರೆ. ತಂತ್ರಾಂಶ ಅದನ್ನು ಮಾಡುವುದು ಎಲ್ಲಿ ಬೆಳಕು ಒಮ್ಮೆಲೇ ಹೆಚ್ಚುತ್ತದೆ, ಎಲ್ಲಿ ಕುಗ್ಗುತ್ತದೆ ಎಂದು ಹುಡುಕಿ. ಆರೋಗ್ಯವಾದ ಕಣ್ಣಿನಲ್ಲಿ ಅದು ತಪ್ಪುವುದು ಅಪರೂಪ. ಆದರೆ ನಮ್ಮ ಹತ್ತಿರ ಬರುವವರು ಆರೋಗ್ಯವಾದ ಕಣ್ಣಿನವರಲ್ಲ. ರೋಗ ಹೆಚ್ಚಿದಷ್ಟೂ ಪದರಗಳು ಕಲಸಿಹೋಗುತ್ತವೆ, ಗೆರೆ ದಾರಿ ತಪ್ಪುತ್ತದೆ. ಅಂದರೆ ಅಂಕಿಯ ಅಗತ್ಯ ಎಲ್ಲಿ ಅತಿ ಹೆಚ್ಚೋ ಅಲ್ಲೇ ಅದು ಸುಳ್ಳು ಹೇಳುವ ಸಂಭವವೂ ಅತಿ ಹೆಚ್ಚು. ಇದೊಂದು ಮಾತು ನಿನ್ನ ಮನಸ್ಸಿಗೆ ಹತ್ತಿದರೆ ಉಳಿದದ್ದನ್ನೆಲ್ಲ ನೀನೇ ಕಲಿತುಕೊಳ್ಳುತ್ತೀ.

ಈ ದಪ್ಪವನ್ನು ಬಣ್ಣಗಳಲ್ಲಿ ತೋರಿಸುವ ನಕ್ಷೆಯ ಮೇಲೆ ಕಾಣುವ ಮೂರು ವೃತ್ತಗಳು ನಿನಗೆ ಗೊತ್ತು: 1, 3, 6 ಮಿಲಿಮೀಟರ್ ಅಡ್ಡಳತೆಯವು. ಸಕ್ಕರೆ ಕಾಯಿಲೆಯ ಕಣ್ಣಿನ ಬಗ್ಗೆ ಅಮೆರಿಕದಲ್ಲಿ ನಡೆದ ಇಟಿಡಿಆರ್‌ಎಸ್ ಎಂಬ ದೊಡ್ಡ ಅಧ್ಯಯನದಿಂದ ಬಂದದ್ದು ಅದು. ಒಟ್ಟು ಒಂಬತ್ತು ಭಾಗ. ನಡುವಿನ 1 ಮಿಲಿಮೀಟರಿನ ಸರಾಸರಿ ದಪ್ಪವನ್ನೇ ಎಲ್ಲರೂ ನೋಡುವುದು. ಮ್ಯಾಕ್ಯುಲಾದ ನಟ್ಟನಡುವೆ ಫೋವಿಯಾದ ಗುಳಿ ಇರುವುದರಿಂದ ಅಲ್ಲಿ ರೆಟಿನಾ ತೆಳು. ಗುಳಿಯ ಸುತ್ತಲಿನ ಬಳೆಯಂಥ ಭಾಗ ದಪ್ಪ, ಅಲ್ಲಿ ಆರೋಗ್ಯವಂತರಲ್ಲೂ 320, 330 ಮೈಕ್ರಾನ್ ಇರುತ್ತದೆ. ಇದನ್ನು ನೆನಪಿಟ್ಟುಕೊ, ಈಗ ಹೇಳುವ ಕಥೆಗೆ ಇದೇ ಕೀಲಿ.

ಅಡಿಕೆ ಬೆಳೆಯುವ ಒಬ್ಬರು ಸಕ್ಕರೆ ಕಾಯಿಲೆಗೆಂದು ನನ್ನ ಬಳಿ ಬರುತ್ತಿದ್ದರು. ಹಿಂದಿನ ಸಲ ಬಲಗಣ್ಣಿನ ನಡುವಿನ ಅಂಕಿ 254. ಈ ಸಲ 331. ಹಾಳೆಯ ಮೇಲೆ ನಡುವೆ ಹಳದಿ, ಕಿತ್ತಳೆ. ಅವತ್ತು ಹೊರರೋಗಿಗಳ ಸಾಲು ಮೆಟ್ಟಿಲವರೆಗಿತ್ತು. ನಾನು ಅಂಕಿ ನೋಡಿದೆ, "ಬಾವು ಹೆಚ್ಚಾಗಿದೆ, ಇಂಜೆಕ್ಷನ್ ಬೇಕು" ಅಂದೆ. ಅವರು ಮಂಡಿಯಿಂದ ಮುಂಗಡ ತಂದು ಮರುದಿನ ಬೆಳಿಗ್ಗೆ ಉಪವಾಸ ಬಂದು ಕೂತಿದ್ದರು. ಉಪವಾಸ ಬೇಕಿರಲಿಲ್ಲ, ಯಾರೂ ಹೇಳಿರಲಿಲ್ಲ, ಆದರೂ ಬಂದಿದ್ದರು. ಥಿಯೇಟರಿಗೆ ಹೋಗುವ ಮೊದಲು ಕಣ್ಣು ಯಾವುದೆಂದು ಖಚಿತ ಮಾಡಿಕೊಳ್ಳಲು ಫೈಲು ತೆರೆದಾಗ ನನ್ನ ಕಣ್ಣು ಅಂಕಿಯಿಂದ ಚಿತ್ರದ ಕಡೆ ಹೋಯಿತು. ಗುಳಿ ನಡುವೆ ಇರಲೇ ಇಲ್ಲ. ನಕ್ಷೆಯ ಮೂಲೆಯೊಂದರಲ್ಲಿ ನೀಲಿ ಚುಕ್ಕೆಯಾಗಿ ಕುಳಿತಿತ್ತು. ಅವರು ಸ್ಕ್ಯಾನಿನ ಹೊತ್ತಿಗೆ ಗುರುತಿನ ಬೆಳಕನ್ನು ಬಿಟ್ಟು ಬೇರೆಲ್ಲೋ ನೋಡಿದ್ದರು, ಹೀಗಾಗಿ ಯಂತ್ರದ 1 ಮಿಲಿಮೀಟರ್ ವೃತ್ತ ಗುಳಿಯ ಪಕ್ಕದ ದಪ್ಪ ಬಳೆಯ ಮೇಲೆ ಕೂತಿತ್ತು. ಅಲ್ಲಿ 331 ಇರಲೇಬೇಕು. ಬಾವು ಬಂದಿರಲಿಲ್ಲ. ಮತ್ತೆ ಸ್ಕ್ಯಾನ್ ಮಾಡಿಸಿದೆ, 257 ಬಂತು.

ಅವರನ್ನು ಮನೆಗೆ ಕಳಿಸಿದೆ. ಕಣ್ಣಿನೊಳಗೆ ಚುಚ್ಚುವ ಪ್ರತಿ ಸೂಜಿಯ ಜೊತೆ ಸೋಂಕಿನ ಅಪಾಯ ಇದೆ. ಬಹಳ ಅಪರೂಪ, ಆದರೆ ಬಂದರೆ ಕಣ್ಣೇ ಹೋಗಬಹುದು. ಬೇಕಿಲ್ಲದ ಸೂಜಿಯಿಂದ ಹಾಗಾಗಿದ್ದರೆ? ಆ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ. ಚಿತ್ರ ತೆಗೆದ ಹುಡುಗನ ಮೇಲೆ ನಾನು ರೇಗಲಿಲ್ಲ. ನೋಡಬೇಕಾದ್ದನ್ನು ನೋಡದೆ ಇದ್ದವನು ನಾನು. ಆದರೆ ಅವತ್ತಿನಿಂದ ನಮ್ಮ ಕೋಣೆಯಲ್ಲಿ ಒಂದು ನಿಯಮ ಬಂತು: ಗುಳಿ ವೃತ್ತದ ನಡುವೆ ಇಲ್ಲದಿದ್ದರೆ ಪ್ರಿಂಟ್ ಹೊರಗೆ ಹೋಗಬಾರದು. ಈಗಿನ ಬಹುಪಾಲು ಯಂತ್ರಗಳಲ್ಲಿ ವೃತ್ತವನ್ನು ಕೈಯಿಂದ ಎಳೆದು ಗುಳಿಯ ಮೇಲೆ ಕೂರಿಸಬಹುದು. ಅರ್ಧ ನಿಮಿಷದ ಕೆಲಸ. ಹಾಗೆ ಸರಿಸಿದ್ದನ್ನು ಹಾಳೆಯ ಮೇಲೆ ಬರೆದಿಡುವುದನ್ನು ಮರೆಯಬೇಡ.

ಇನ್ನು ಗೆರೆಗಳ ಮಾತು. ಬಣ್ಣದ ನಕ್ಷೆ ನೋಡಿ ಗೆರೆ ತಪ್ಪಿದ್ದನ್ನು ಊಹಿಸಬಹುದು, ಅದಕ್ಕೊಂದು ಸುಳುಹು ಹೇಳುತ್ತೇನೆ. ನಿಜವಾದ ಬಾವು ಗುಡ್ಡದ ಹಾಗೆ, ಇಳಿಜಾರಾಗಿ ಏರಿ ಇಳಿಜಾರಾಗಿ ಇಳಿಯುತ್ತದೆ. ನಕ್ಷೆಯಲ್ಲಿ ಹಸಿರು ಹಳದಿಯಾಗಿ, ಹಳದಿ ಕೆಂಪಾಗಿ, ಕೆಂಪು ಬಿಳಿಯಾಗಿ ಮೆಲ್ಲಗೆ ತಿರುಗುತ್ತದೆ. ಗೆರೆ ತಪ್ಪಿದಾಗ ಮಾತ್ರ ದಪ್ಪ ಗೋಡೆಯ ಹಾಗೆ ಏಳುತ್ತದೆ. ನೀಲಿಯ ಪಕ್ಕದಲ್ಲೇ ಬಿಳಿ, ಚಾಕುವಿನಿಂದ ಕೊಯ್ದಂಥ ಅಂಚು, ತ್ರಿಕೋನದ ಚೂರು, ನಡುವೆಯೇ ಕಪ್ಪು ತೇಪೆ. ದೇಹದೊಳಗೆ ಅಂಥ ನೆಟ್ಟನೆ ಅಂಚುಗಳಿರುವುದಿಲ್ಲ. ಕಂಡರೆ ಕೂಡಲೇ ಆ ಜಾಗದ ಸೀಳುಚಿತ್ರ, ಅಂದರೆ ರೆಟಿನಾವನ್ನು ಅಡ್ಡ ಕೊಯ್ದಂತೆ ಕಾಣುವ ಚಿತ್ರ, ತೆರೆದು ಗೆರೆ ಎಲ್ಲಿ ಹೋಗಿದೆ ನೋಡು.

ಎಲ್ಲಿ ಹೋಗಿರುತ್ತದೆ? ವಯಸ್ಸಾದವರಲ್ಲಿ ಕಣ್ಣಿನ ಒಳಗಿನ ಲೋಳೆ, ಅಂದರೆ ವಿಟ್ರಿಯಸ್, ರೆಟಿನಾದಿಂದ ಬಿಡಿಸಿಕೊಳ್ಳುವಾಗ ಅದರ ಹಿಂಬದಿಯ ಪೊರೆ ತೆಳುವಾದ ಹಗ್ಗದಂತೆ ರೆಟಿನಾದ ಮೇಲೆ ತೂಗುತ್ತಿರುತ್ತದೆ. ಮೇಲಿನ ಗೆರೆ ಕೆಲವೊಮ್ಮೆ ಅದನ್ನೇ ರೆಟಿನಾ ಎಂದು ತಿಳಿದು ಅಲ್ಲಿಗೆ ಹತ್ತಿಬಿಡುತ್ತದೆ. ರೆಟಿನಾ ಇರುವಷ್ಟೇ ಇದ್ದರೂ ಅಂಕಿ ಏರಿಬಿಡುತ್ತದೆ. ರೆಟಿನಾದ ಮೇಲೆ ಸುಕ್ಕಿನ ಪೊರೆ ಬೆಳೆದಾಗಲೂ ಇದೇ ಪಾಡು. ಕೆಳಗಿನ ಗೆರೆಯ ಕಷ್ಟ ಬೇರೆ. ವಯಸ್ಸಿನಿಂದ ಬರುವ ಮ್ಯಾಕ್ಯುಲಾ ಸವೆತದಲ್ಲಿ ಕೆಳಗಿನ ಪದರ ಒಡೆದು, ಉಬ್ಬಿ, ಕೆಳಗೆ ನೀರು ರಕ್ತ ಸೇರಿರುತ್ತದೆ. ತಳ ಯಾವುದೆಂದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಒಂದು ಸೀಳಿನಲ್ಲಿ ಉಬ್ಬಿನ ಮೇಲೆ ಹೋದ ಗೆರೆ, ಪಕ್ಕದ ಸೀಳಿನಲ್ಲಿ ಉಬ್ಬಿನ ಕೆಳಗೆ ಹೋಗುತ್ತದೆ. ಇನ್ನೊಂದು ಸೂಕ್ಷ್ಮ ಇದೆ, ಇದನ್ನು ಎಷ್ಟೋ ಡಾಕ್ಟರುಗಳೂ ಗಮನಿಸುವುದಿಲ್ಲ. ಗೆರೆ ಉಬ್ಬಿದ ಪದರದ ಮೈಮೇಲೆಯೇ ಸರಿಯಾಗಿ ಹೋದರೂ, ಉಬ್ಬಿನ ಒಳಗಿರುವುದು ಲೆಕ್ಕಕ್ಕೆ ಸೇರುವುದಿಲ್ಲ. ಅಡಿಯಲ್ಲಿ ಉಬ್ಬು ದಿನೇ ದಿನೇ ಬೆಳೆಯುತ್ತಿರುತ್ತದೆ, ಅಂಕಿ ಮಾತ್ರ ಹೋದ ತಿಂಗಳಿನದೇ. ಅಲ್ಲಿ ಗೆರೆ ಸರಿ, ಅಂಕಿ ಸರಿ, ಆದರೂ ರೋಗ ಏರಿದೆ.

ಸಕ್ಕರೆ ಕಾಯಿಲೆಯಲ್ಲಿ ಕೊಬ್ಬಿನ ಗಟ್ಟಿ ಹಳದಿ ಚುಕ್ಕೆಗಳು ಬೆಳಕನ್ನು ತಡೆದು ಕೆಳಗೆ ನೆರಳು ಚೆಲ್ಲುತ್ತವೆ. ನೆರಳಿನಲ್ಲಿ ಕೆಳಗಿನ ಗೆರೆ ಕಾಲು ಜಾರಿ ಮೇಲಕ್ಕೋ ಕೆಳಕ್ಕೋ ಬೀಳುತ್ತದೆ. ಮ್ಯಾಕ್ಯುಲಾದಲ್ಲಿ ರಂಧ್ರ ಇದ್ದರಂತೂ ನಡುವಿನ ಅಂಕಿಗೆ ಅರ್ಥವೇ ಇಲ್ಲ, ಅದನ್ನು ಓದಲೇ ಬೇಡ.

ಎಲ್ಲ ಸೀಳುಗಳನ್ನೂ ನೋಡುವುದಾ ಅಂತ ನೀನು ಕೇಳುತ್ತೀ. ಹೌದು, ಓಡಿಸಿ ನೋಡು. ಸಿರ್ರಸ್ ಯಂತ್ರದ ಮ್ಯಾಕ್ಯುಲಾ ಸ್ಕ್ಯಾನಿನಲ್ಲಿ 128 ಸೀಳುಗಳಿರುತ್ತವೆ, ಅವನ್ನು ಮೌಸಿನ ಚಕ್ರ ತಿರುಗಿಸಿ ಮೇಲಿಂದ ಕೆಳಗೆ ಹಾಯಲು ಇಪ್ಪತ್ತು ಸೆಕೆಂಡು ಸಾಕು. ಕಣ್ಣು ಗೆರೆಗಳ ಮೇಲಿರಲಿ. ಎಲ್ಲಿ ಗೆರೆ ಹಾರಿತೋ ಅಲ್ಲಿ ನಿಲ್ಲು. ನಮ್ಮ ಕಾಲದ ಹಳೆಯ ಸ್ಟ್ರೇಟಸ್ ಯಂತ್ರ ಆರೇ ಸೀಳು ತೆಗೆಯುತ್ತಿತ್ತು, ಚಕ್ರದ ಅರೆಕಾಲುಗಳ ಹಾಗೆ. ಸೆಕೆಂಡಿಗೆ 400 ಬಿಂದುಗಳನ್ನಷ್ಟೇ ಅಳೆಯುವ ಶಕ್ತಿ ಅದಕ್ಕೆ. ಸೀಳುಗಳ ನಡುವಿನ ಜಾಗವನ್ನೆಲ್ಲ ಅಂದಾಜಿನಲ್ಲಿ ತುಂಬಿ ಬಣ್ಣ ಬಳಿಯುತ್ತಿತ್ತು. ಒಂದೇ ಗೆರೆ ತಪ್ಪಿದರೆ ನಕ್ಷೆಯಲ್ಲಿ ಬೀಸಣಿಗೆಯಷ್ಟು ಅಗಲದ ಸುಳ್ಳು. ಸ್ಪೆಕ್ಟ್ರಲ್ ಡೊಮೈನ್ ಯಂತ್ರಗಳು ಬಂದ ಮೇಲೆ ವೇಗ ಸೆಕೆಂಡಿಗೆ 27,000, 40,000ಕ್ಕೆ ಏರಿತು. ತಪ್ಪುಗಳು ಕಡಿಮೆಯಾದವು, ಹೋಗಲಿಲ್ಲ.

ಯಂತ್ರಗಳ ಮಾತು ಬಂದದ್ದರಿಂದ ಇನ್ನೊಂದು. ನಿವೃತ್ತ ಮೇಷ್ಟ್ರೊಬ್ಬರು ಮಗಳ ಊರಿನಲ್ಲಿ ಒಂದು ಸ್ಕ್ಯಾನ್ ಮಾಡಿಸಿಕೊಂಡು, ಆರು ವಾರ ಬಿಟ್ಟು ನಮ್ಮಲ್ಲಿಗೆ ಬಂದು ಇನ್ನೊಂದು ಮಾಡಿಸಿದರು. ಅಲ್ಲಿ 262, ಇಲ್ಲಿ 281. "ಡಾಕ್ಟರೇ, 19 ಹೆಚ್ಚಾಗಿದೆಯಲ್ಲ" ಎಂದು ಅವರ ಹೆಂಡತಿ ಕಣ್ಣಲ್ಲಿ ನೀರು ತಂದುಕೊಂಡರು. ಏನೂ ಹೆಚ್ಚಾಗಿರಲಿಲ್ಲ. ಅಲ್ಲಿದ್ದದ್ದು ಸಿರ್ರಸ್, ನಮ್ಮದು ಸ್ಪೆಕ್ಟ್ರಾಲಿಸ್. ಮೇಲಿನ ಗೆರೆ ಎಲ್ಲ ಯಂತ್ರಗಳಲ್ಲೂ ಒಂದೇ. ಕೆಳಗಿನ ಗೆರೆಯನ್ನು ಒಂದೊಂದು ಕಂಪನಿ ಒಂದೊಂದು ಕಡೆ ಎಳೆಯುತ್ತದೆ. ಸ್ಟ್ರೇಟಸ್ ಬೆಳಕುಗ್ರಾಹಿ ಕೋಶಗಳ ನಡುವಿನ ಹೊಳೆಯುವ ಪಟ್ಟಿಗೇ ನಿಲ್ಲಿಸುತ್ತಿತ್ತು. ಸಿರ್ರಸ್ ಇನ್ನೂ ಕೆಳಗೆ ಆರ್‌ಪಿಇ ಪದರದವರೆಗೆ, ಸ್ಪೆಕ್ಟ್ರಾಲಿಸ್ ಅದಕ್ಕೂ ಕೆಳಗಿನ ಬ್ರೂಕ್ಸ್ ಪೊರೆಯವರೆಗೆ. ಹೀಗಾಗಿ ಒಂದೇ ಆರೋಗ್ಯವಾದ ಕಣ್ಣು ಮೊದಲನೆಯದರಲ್ಲಿ ಸುಮಾರು 210, ಎರಡನೆಯದರಲ್ಲಿ 255ರ ಆಸುಪಾಸು, ಮೂರನೆಯದರಲ್ಲಿ 270ರ ಆಸುಪಾಸು ತೋರಬಹುದು. ಬಾಂದು ಕಲ್ಲೇ ಬೇರೆ ಬೇರೆ ಕಡೆ ನೆಟ್ಟಿದ್ದರೆ ವಿಸ್ತೀರ್ಣ ಹೋಲಿಸಲು ಹೋಗುವುದು ಹೇಗೆ? ಸಕ್ಕರೆ ಕಾಯಿಲೆಯ ಬಾವಿನ ಮೇಲೆ ಡಿಆರ್‌ಸಿಆರ್ ಜಾಲ ನಡೆಸಿದ ಅಧ್ಯಯನಗಳಲ್ಲೂ ಬಾವು ಎನ್ನಲು ಬೇರೆ ಬೇರೆ ಗಡಿ ಇಟ್ಟಿದ್ದಾರೆ: ಸಿರ್ರಸ್‌ನಲ್ಲಿ ಹೆಂಗಸರಿಗೆ 290, ಗಂಡಸರಿಗೆ 305. ಸ್ಪೆಕ್ಟ್ರಾಲಿಸ್‌ನಲ್ಲಿ 305 ಮತ್ತು 320. ಗಂಡಸರ ರೆಟಿನಾ ನಡುವೆ ಸ್ವಲ್ಪ ದಪ್ಪ, ಅದಕ್ಕೇ ಆ ವ್ಯತ್ಯಾಸ. ನೋಂದಣಿಯಲ್ಲಿ ಗಂಡು ಹೆಣ್ಣು ಅದಲುಬದಲಾದರೆ, ಹುಟ್ಟಿದ ವರ್ಷ ತಪ್ಪಾದರೆ ಓದುವವರ ಲೆಕ್ಕವೂ ಅಲ್ಲೇ ಕೆಡುತ್ತದೆ. ಹೆಸರಿನ ಜೊತೆ ವಯಸ್ಸನ್ನೂ ಬಾಯಿಬಿಟ್ಟು ಕೇಳು.

ಬೆಳಕು ಕಡಿಮೆಯಾದ ಚಿತ್ರದ ಬಗ್ಗೆ ನಿನಗೆ ಕಾಲೇಜಿನಲ್ಲೇ ಹೇಳಿರುತ್ತಾರೆ. ಹತ್ತರಲ್ಲಿ ಆರಾದರೂ ಸಿಗ್ನಲ್ ಇರಬೇಕು ಎಂಬುದು ಸಿರ್ರಸ್‌ನ ಕಟ್ಟಳೆ. ಆರಕ್ಕಿಂತ ಕೆಳಗೆ ಬಂದರೆ ಮೊದಲು ಯಂತ್ರದ ಮಸೂರ ಒರೆಸು. ನಗಬೇಡ, ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ಹತ್ತು ಜನರ ಮೂಗಿನ ಎಣ್ಣೆ ಇರುತ್ತದೆ. ಆಮೇಲೆ ಕಣ್ಣಿಗೆ ಒಂದು ಹನಿ ಕೃತಕ ಕಣ್ಣೀರು ಹಾಕು, ವಯಸ್ಸಾದವರ ಒಣಗಿದ ಕಣ್ಣಿಗೆ ಅದೇ ಮದ್ದು. ಇದಾದ ಮೇಲೂ ಮಬ್ಬಾಗಿದ್ದರೆ ಕಣ್ಣಿನ ಪೊರೆಯೋ ಕಿರಿದಾದ ಪಾಪೆಯೋ ಕಾರಣ. ಆಗ ಕಾರಣವನ್ನು ಹಾಳೆಯ ಮೇಲೆ ಬರೆ. ಮಬ್ಬು ಚಿತ್ರದಲ್ಲಿ ನರದ ಪದರ ಇರುವುದಕ್ಕಿಂತ ತೆಳುವಾಗಿ ಕಾಣುತ್ತದೆ, ಗ್ಲಾಕೋಮಾ ಎಂಬ ಸುಳ್ಳು ಭಯ ಹುಟ್ಟುವುದು ಹೀಗೆಯೂ ಹೌದು. ಪೊರೆಯ ಆಪರೇಷನ್ ಆದ ಮೇಲೆ ತೆಗೆದ ಚಿತ್ರದಲ್ಲಿ ಕೆಂಪು ಹಸಿರಾದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಉಳಿದ ಕೆಲವು ತಪ್ಪುಗಳನ್ನು ಒಮ್ಮೆ ಕಂಡರೆ ಮತ್ತೆ ಮರೆಯುವುದಿಲ್ಲ. ರೆಪ್ಪೆ ಬಡಿದಾಗ ನಕ್ಷೆಗೆ ಅಡ್ಡಲಾಗಿ ಕಪ್ಪು ಪಟ್ಟಿ. ಕಣ್ಣು ಅಲುಗಿದಾಗ ರಕ್ತನಾಳ ಮೆಟ್ಟಿಲಿನಂತೆ ತುಂಡಾಗಿ ಪಕ್ಕಕ್ಕೆ ಸರಿದಿರುತ್ತದೆ. ಚಿತ್ರ ಚೌಕಟ್ಟಿನ ಮೇಲಂಚಿಗೋ ಕೆಳಂಚಿಗೋ ತಾಗಿ ಕತ್ತರಿಸಿಹೋದರೆ ಅಲ್ಲಿ ದಪ್ಪ ಸುಳ್ಳಾಗಿ ಕಡಿಮೆ ಬರುತ್ತದೆ. ಯಂತ್ರವನ್ನು ತೀರ ಹತ್ತಿರ ತಂದರೆ, ಹೆಚ್ಚು ಮೈನಸ್ ನಂಬರಿನ ಉದ್ದ ಕಣ್ಣುಗಳಲ್ಲಂತೂ, ರೆಟಿನಾದ ಅಂಚು ಕೆರೆಯ ನೀರಲ್ಲಿ ಕಂಡ ಗುಡ್ಡದಂತೆ ತಲೆಕೆಳಗಾಗಿ ಮಡಚಿಕೊಳ್ಳುತ್ತದೆ. ಒಂದು ಪಕ್ಕ ಮಾತ್ರ ಕತ್ತಲಾಗಿದ್ದರೆ ಬೆಳಕು ಪಾಪೆಯ ಅಂಚಿಗೆ ಬಡಿದಿದೆ ಎಂದು ತಿಳಿ, ಯಂತ್ರವನ್ನು ಒಂಚೂರು ಸರಿಸು. ಕಣ್ಣೊಳಗೆ ತೇಲುವ ಚೂರಿನ ನೆರಳು ಬಿದ್ದಿದೆ ಅನ್ನಿಸಿದರೆ ಕಣ್ಣನ್ನು ಅತ್ತ ಇತ್ತ ಆಡಿಸಲು ಹೇಳಿ ಮತ್ತೆ ತೆಗೆ. ನೆರಳು ಜಾಗ ಬದಲಿಸುತ್ತದೆ, ರೋಗ ಬದಲಿಸುವುದಿಲ್ಲ.

ಬಣ್ಣಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಬಣ್ಣ ಮನುಷ್ಯರನ್ನು ಹೆದರಿಸುತ್ತದೆ. ದಪ್ಪದ ನಕ್ಷೆಯಲ್ಲಿ ಕೆಂಪು ಅಂದರೆ ದಪ್ಪ. ಹೋಲಿಕೆಯ ಪಟ್ಟಿಯಲ್ಲಿ ಕೆಂಪು ಅಂದರೆ ತೆಳು. ಒಂದೇ ಹಾಳೆಯ ಮೇಲೆ ಒಂದೇ ಬಣ್ಣಕ್ಕೆ ಎರಡು ಅರ್ಥ. ಹೋಲಿಕೆಯಲ್ಲಿ ಹಸಿರು ಎಂದರೆ ನಿನ್ನ ರೋಗಿಯ ಅಳತೆ ಯಂತ್ರದೊಳಗಿನ ಆರೋಗ್ಯವಂತರ ಪಟ್ಟಿಯ 5ರಿಂದ 95 ಶೇಕಡದೊಳಗಿದೆ ಎಂದು. ಹಳದಿ 1ರಿಂದ 5ರ ನಡುವೆ. ಕೆಂಪು ಎಂದರೆ ಆರೋಗ್ಯವಂತ ನೂರು ಜನರಲ್ಲಿ ಒಬ್ಬರಿಗಿಂತ ಕಡಿಮೆ ಜನರಲ್ಲಿ ಮಾತ್ರ ಇಷ್ಟು ತೆಳು ಇರುತ್ತದೆ ಎಂದು. ಇದು ಸಂಖ್ಯಾಶಾಸ್ತ್ರದ ಮಾತು, ರೋಗದ ತೀರ್ಪಲ್ಲ. ಆ ಪಟ್ಟಿಯಲ್ಲಿರುವವರು ಯಾರು? ಕೆಲವು ನೂರು ಮಂದಿ ವಯಸ್ಕರು, ಅವರಲ್ಲಿ ನಮ್ಮ ದೇಶದವರು ತೀರ ಕಡಿಮೆ. ನಮ್ಮವರ ಕಣ್ಣಿನಲ್ಲಿ ನಡುವಿನ ದಪ್ಪ ಆ ಪಟ್ಟಿಗಿಂತ ಸ್ವಲ್ಪ ಕಡಿಮೆಯೇ ಇರುತ್ತದೆ ಎಂದು ಇಲ್ಲಿ ನಡೆದ ಅಧ್ಯಯನಗಳು ತೋರಿಸಿವೆ. ಹದಿನೆಂಟು ತುಂಬದ ಮಕ್ಕಳನ್ನು ಹೋಲಿಸಲು ಹೆಚ್ಚಿನ ಯಂತ್ರಗಳಲ್ಲಿ ಪಟ್ಟಿಯೇ ಇಲ್ಲ.

ಮೈನಸ್ ಎಂಟು ನಂಬರಿನ ಕನ್ನಡಕದ ಶಾಲಾ ಶಿಕ್ಷಕಿಯೊಬ್ಬರು ನರದ ಪದರದ ಹಾಳೆಯಲ್ಲಿ ಕೆಂಪು ಬಂದಿತೆಂದು ನಾಲ್ಕು ವರ್ಷ ಗ್ಲಾಕೋಮಾ ಹನಿ ಹಾಕಿಕೊಂಡು ನನ್ನಲ್ಲಿಗೆ ಬಂದಿದ್ದರು. ಉದ್ದ ಕಣ್ಣಿನಲ್ಲಿ, ನರದ ಬುಡದ ಸುತ್ತ ಯಂತ್ರ ಅಳೆಯುವ ಸುಮಾರು 3.4 ಮಿಲಿಮೀಟರಿನ ವೃತ್ತ ನಿಜವಾಗಿ ಇನ್ನೂ ದೊಡ್ಡದಾಗಿ ಬೀಳುತ್ತದೆ, ನರದ ಬುಡದಿಂದ ದೂರ ಹೋದಷ್ಟೂ ಪದರ ತೆಳು. ಜೊತೆಗೆ ಅಂಥ ಕಣ್ಣುಗಳಲ್ಲಿ ನರದ ದಪ್ಪ ಕಟ್ಟುಗಳು ಮ್ಯಾಕ್ಯುಲಾದ ಕಡೆಗೆ ವಾಲಿರುತ್ತವೆ, ಯಂತ್ರ ಹುಡುಕುವ ಜಾಗದಲ್ಲಿ ಸಿಗುವುದಿಲ್ಲ. ನಾಲ್ಕು ವರ್ಷದ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದೆ, ಒಂದು ಮೈಕ್ರಾನೂ ಅತ್ತಿತ್ತ ಆಗಿಲ್ಲ ಎನ್ನುವಷ್ಟು ಸ್ಥಿರ. ದೃಷ್ಟಿಕ್ಷೇತ್ರದ ಪರೀಕ್ಷೆಯೂ ಚೆನ್ನಾಗಿತ್ತು. ಹನಿ ನಿಲ್ಲಿಸಿ ವರ್ಷಕ್ಕೊಮ್ಮೆ ಬರಲು ಹೇಳಿದೆ. ಇದರ ಉಲ್ಟಾ ಕೂಡ ಇದೆ, ಅದು ಇನ್ನೂ ಅಪಾಯ: ನಿನ್ನೆಯವರೆಗೆ ತುಂಬ ದಪ್ಪವಿದ್ದ ನರ ಇವತ್ತು ಸವೆಯುತ್ತಿದ್ದರೂ ಹಸಿರಿನೊಳಗೇ ಇರುತ್ತದೆ. ಅದಕ್ಕೇ ಒಂದು ಹಾಳೆಯ ಬಣ್ಣಕ್ಕಿಂತ ಎರಡು ಹಾಳೆಗಳ ನಡುವಿನ ವ್ಯತ್ಯಾಸಕ್ಕೆ ಬೆಲೆ ಹೆಚ್ಚು.

ಅಂಕಿ ಸರಿಯಾಗಿಯೇ ಇದ್ದು ಕಣ್ಣು ಕೆಟ್ಟಿರುವುದನ್ನೂ ನೀನು ನೋಡುತ್ತೀ. ವರ್ಷಗಟ್ಟಲೆ ಬಾವು ಇದ್ದ ರೆಟಿನಾ ಒಳಗೇ ಸವೆದು ತೆಳ್ಳಗಾಗಿರುತ್ತದೆ, ಅದರ ಮೇಲೆ ಎರಡು ನೀರಿನ ಗುಳ್ಳೆ. ಸವೆತ ಮತ್ತು ಬಾವು ಒಂದನ್ನೊಂದು ಕಳೆದು 260 ಎಂಬ ಅಚ್ಚುಕಟ್ಟಾದ ಅಂಕಿ ಬರುತ್ತದೆ. ಬಾವು ಇಳಿದ ಎಲ್ಲರಿಗೂ ದೃಷ್ಟಿ ಮರಳುವುದಿಲ್ಲ. ದಪ್ಪಕ್ಕೂ ದೃಷ್ಟಿಗೂ ಇರುವ ನಂಟು ನಾವು ಅಂದುಕೊಂಡಷ್ಟು ಬಿಗಿಯಲ್ಲ. ಬೆಳಕುಗ್ರಾಹಿ ಕೋಶಗಳ ಆ ಹೊಳೆಯುವ ಪಟ್ಟಿ ಅಖಂಡವಾಗಿದೆಯಾ, ತುಂಡಾಗಿದೆಯಾ ಎಂಬುದನ್ನು ಕಣ್ಣಿಟ್ಟು ನೋಡು. ಎಷ್ಟೋ ಕಣ್ಣುಗಳಲ್ಲಿ ಮೈಕ್ರಾನುಗಳಿಗಿಂತ ಅದು ಹೆಚ್ಚು ಹೇಳುತ್ತದೆ.

ಮರುಭೇಟಿಯ ಸ್ಕ್ಯಾನ್ ತೆಗೆಯುವಾಗ ಸಾಧ್ಯವಾದರೆ ಹಿಂದಿನ ಹೊತ್ತಿಗೇ ತೆಗೆ. ಸಕ್ಕರೆ ಕಾಯಿಲೆಯ ಬಾವು ಬೆಳಿಗ್ಗೆ ಹೆಚ್ಚು, ಸಂಜೆಗೆ ತುಸು ಇಳಿದಿರುತ್ತದೆ. ಹಳೆಯ ಚಿತ್ರವನ್ನು ಗುರುತಾಗಿಟ್ಟು ಅದೇ ಜಾಗವನ್ನು ತಾನೇ ಹುಡುಕುವ ಸೌಲಭ್ಯ ನಿನ್ನ ಯಂತ್ರದಲ್ಲಿದ್ದರೆ ತಪ್ಪದೆ ಬಳಸು. ನಾಲ್ಕೈದು ಮೈಕ್ರಾನುಗಳ ಏರಿಳಿತಕ್ಕೆ ನಾನು ಯಾವತ್ತೂ ಔಷಧಿ ಬದಲಿಸಿದವನಲ್ಲ. ನೂರಕ್ಕೆ ಹತ್ತರಷ್ಟು ಬದಲಾದರೆ, ಅದೂ ಗೆರೆ ನೋಡಿದ ಮೇಲೆ, ಎಚ್ಚರವಾಗುತ್ತೇನೆ.

ಇಷ್ಟೆಲ್ಲ ಯಂತ್ರದ ಮಾತಾಯಿತು. ಒಳ್ಳೆಯ ಚಿತ್ರದ ಅರ್ಧ ಪಾಲು ಗಲ್ಲ ಊರಿ ಕೂತ ಮನುಷ್ಯರದ್ದು. ಕುರ್ಚಿಯ ಎತ್ತರ ಸರಿಯಿಲ್ಲದಿದ್ದರೆ ಸೊಂಟ ನೋಯುವ ಅಜ್ಜಿ ಹಣೆಯನ್ನು ಪಟ್ಟಿಗೆ ತಾಗಿಸುವುದೇ ಇಲ್ಲ, ನೀನು ಎಷ್ಟು ಸಲ ಕೂಗಿದರೂ ತಲೆ ಹಿಂದಕ್ಕೇ. ಮೊದಲು ಕುರ್ಚಿ ಸರಿ ಮಾಡು. "ಮಿಟುಕಿಸಬೇಡಿ" ಎಂದು ಗದರಿಸಿದರೆ ಹೆದರಿ ಇನ್ನಷ್ಟು ಮಿಟುಕಿಸುತ್ತಾರೆ. "ಅಜ್ಜಿ, ಒಂದ್ಸಲ ಗಟ್ಟಿಯಾಗಿ ಕಣ್ಣು ಮುಚ್ಚಿ, ಈಗ ದೊಡ್ಡದಾಗಿ ಬಿಡಿ, ಮೂರು ಎಣಿಸೋವರೆಗೆ ಅಷ್ಟೇ" ಅನ್ನು. ಸಿರ್ರಸ್‌ನ ಆ 128 ಸೀಳಿನ ಸ್ಕ್ಯಾನಿಗೆ ಎರಡೂವರೆ ಸೆಕೆಂಡೂ ಹಿಡಿಯುವುದಿಲ್ಲ. ಒಳಗೆ ಕಾಣುವ ಗುರುತು ಯಾವ ಬಣ್ಣದ್ದು, ಹೇಗಿದೆ ಎಂದು ಅವರ ಮಾತಿನಲ್ಲೇ ಮೊದಲು ಹೇಳು. ನಡುವಿನ ದೃಷ್ಟಿ ಕಳೆದುಕೊಂಡವರಿಗೆ ಆ ಗುರುತು ಕಾಣುವುದೇ ಇಲ್ಲ, ನಾಚಿಕೆಯಿಂದ ಹಾಗಂತ ಹೇಳುವುದೂ ಇಲ್ಲ, ಸುಮ್ಮನೆ ಎಲ್ಲೋ ನೋಡುತ್ತಾರೆ. ಅಂಥವರಿಗೆ ಇನ್ನೊಂದು ಕಣ್ಣಿನ ಮುಂದೆ ಹೊರಗಿನ ದೀಪ ಹಿಡಿದು ಅದನ್ನು ನೋಡಲು ಹೇಳು, ಕಣ್ಣುಗಳೆರಡೂ ಜೊತೆಯಲ್ಲೇ ತಿರುಗುತ್ತವೆ. ಚಿತ್ರ ಚೆನ್ನಾಗಿ ಬಂದರೆ ಅವರಿಗೂ ಹೇಳು. ಮುಂದಿನ ಸಲ ಅವರೇ ಸರಿಯಾಗಿ ಕೂರುತ್ತಾರೆ.

ಈಗೀಗ ರೋಗಿಗಳು ಕುರ್ಚಿಯಿಂದ ಏಳುವ ಮೊದಲೇ "ಎಷ್ಟು ಬಂತಮ್ಮ?" ಅಂತ ಕೇಳುತ್ತಾರೆ, ಸಕ್ಕರೆಯ ಅಂಕಿ ಕೇಳುವ ಹಾಗೆ. ಅಂಕಿ ಹೇಳಬೇಡ ಅನ್ನುವುದಿಲ್ಲ, ಅದು ಅವರ ಕಣ್ಣು. ಆದರೆ ಯಂತ್ರದ ಹೆಸರನ್ನೂ ಜೊತೆಗೆ ಹೇಳು, ಮತ್ತು ಬೇರೆ ಕಡೆ ಮಾಡಿಸಿದ ಹಳೆಯ ಹಾಳೆಗಳಿದ್ದರೆ ಮನೆಯಲ್ಲಿ ಬಿಟ್ಟು ಬರಬೇಡಿ ಅನ್ನು. ಬಣ್ಣದ ಜೆರಾಕ್ಸ್ ಆದರೂ ಸರಿ, ಮಡಚಿ ಸುಕ್ಕಾಗಿದ್ದರೂ ಸರಿ. ನಾಳೆ ಬೆಳಿಗ್ಗೆ ಮೊದಲ ರೋಗಿಯ ಚಿತ್ರ ತೆಗೆದ ಮೇಲೆ ಗೆರೆ ಎಲ್ಲಾದರೂ ಹಾರಿದ್ದು ಕಂಡರೆ, ಹೆಸರು ಮುಚ್ಚಿ ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ನನಗೆ ಕಳಿಸು. ಇಬ್ಬರೂ ನೋಡೋಣ.